ನಾನು ತಂದುಕೊಟ್ಟ ಬಿಳಿ ಪುಡಿ

ಚಿಕ್ಕಮ್ಮ, ನಿನ್ನ ಬಲಗೈ ಸೋತಿದ್ದು ನಾನು ತಂದ ಪುಡಿಯಿಂದ. ಅದು ವಿಷವೆಂದು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣು—ಅಲ್ಲ, ಮೊದಲ ಜೀವವೇ ನಾನು. ಆ ಹೆಮ್ಮೆ ನನಗಿಂತ ನಿನಗೇ ಹೆಚ್ಚು. ಸಾಗರದ ಮನೆಯ ಜಗಲಿಯಲ್ಲಿ ಕೂತು ಹೆಬ್ಬೆರಳೆತ್ತರದ ಮರದ ಗೌರಿ ಬೊಂಬೆಗಳಿಗೆ ನೀನು ಒಡವೆ ತೊಡಿಸುತ್ತಿದ್ದೆ. ಕೆತ್ತಿ ಅಲ್ಲ—ಸುಣ್ಣದ ಪುಡಿಗೆ ಅಂಟು ಕಲಸಿ, ಕುಂಚದ ತುದಿಯಿಂದ ಎಳೆ ಎಳೆಯಾಗಿ ಏರಿಸಿ. ಸೆರಗಿನ ಬಳ್ಳಿ, ಸೊಂಟದ ಡಾಬು, ಕೊರಳ ಸರದ ಒಂದೊಂದು ಮಣಿಯೂ ಬೆರಳಿಗೆ ಸಿಗುವಂತೆ ಉಬ್ಬಿ ನಿಲ್ಲುತ್ತಿತ್ತು. ಪ್ರತಿ ಎಳೆಗೂ ಮೊದಲು ಕುಂಚವನ್ನು ತುಟಿಯಲ್ಲಿ ಒತ್ತಿ ಚೂಪು ಮಾಡಿಕೊಳ್ಳುತ್ತಿದ್ದೆ. ನೀರಿಗೆ ಅದ್ದಿದರೆ ಎಳೆ ಹರಡುತ್ತದೆಂದು ನಿನ್ನ ಅತ್ತೆ ಕಲಿಸಿದ್ದರಂತೆ.

ಸುಣ್ಣದ ಎಳೆ ಒಣಗಿದ ಮೇಲೆ ಬಿರುಕು ಬಿಡುತ್ತಿತ್ತು. ಓದಿದವಳಲ್ಲವೇ ನಾನು—ಶಿವಮೊಗ್ಗದ ಬಣ್ಣದಂಗಡಿಯೊಂದರ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮಾಲು, ಗಟ್ಟಿಯಾಗಿ ಕೂರುವ ಬಿಳಿ ಪುಡಿ, ಹುಡುಕಿ ತಂದೆ. ಎಳೆ ಕೂದಲಷ್ಟು ಸಣ್ಣಗೆ ಬಂತು. ಬಿರುಕೇ ಇಲ್ಲ. ಬಂದವರಿಗೆಲ್ಲ ನೀನು ತೋರಿಸಿದ್ದೇ ತೋರಿಸಿದ್ದು: "ನೋಡ್ರೀ, ನಮ್ ಹುಡ್ಗಿ ಓದಿದ್ದು ಗೌರಮ್ಮನ ಮೈಮೇಲೆ ಕಾಣ್ತದೆ."

ಎರಡನೇ ಪೊಟ್ಟಣ ತಂದ ದಿನ ಅದರ ಹಿಂದಿನ ಸಣ್ಣ ಇಂಗ್ಲಿಷ್ ಅಕ್ಷರ ಓದಿದೆ. ಸೀಸ. ಬಾಯಿಗೆ ತಾಗಿಸಬಾರದು. ತಲೆಯೆತ್ತಿದರೆ, ಎದುರಿಗೇ ನಿನ್ನ ತುಟಿಯ ನಡುವೆ ಕುಂಚ. ಆಗಲೇ ಹೇಳಿದ್ದರೆ—

ಹೇಳಲಿಲ್ಲ. ತಪ್ಪು ಪುಡಿ ತಂದವಳು ಅನ್ನಿಸಿಕೊಳ್ಳಲು ಮನಸ್ಸು ಬರಲಿಲ್ಲ. ಪುಡಿಯನ್ನು ಡಬ್ಬಿಗೆ ಸುರಿದು ಪೊಟ್ಟಣವನ್ನು ಬಚ್ಚಲೊಲೆಗೆ ಹಾಕಿದೆ. ನಿನಗೆ ಓದು ಬಾರದು, ಅದು ನನಗೆ ಗೊತ್ತು. ಆದರೂ ಸುಟ್ಟೆ—ಯಾರಿಗೆ ಹೆದರಿದೆನೋ.

ಆಮೇಲೆ ಹೊಟ್ಟೆನೋವು. ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ. ಎಲೆಯಡಿಕೆ ಕಲೆ ಎಂದು ನೀನು ನಕ್ಕೆ. ಒಂದು ಬೆಳಿಗ್ಗೆ ಬಲ ಮಣಿಕಟ್ಟು ಮೇಲೇಳಲೇ ಇಲ್ಲ. ಕೆಲಸದಲ್ಲಿ ಏನೇನು ಮುಟ್ಟುತ್ತೀರಿ ಎಂದು ಡಾಕ್ಟರು ಕೇಳಿದಾಗ ನೀನು ನನ್ನ ಕಡೆ ತಿರುಗಿದೆ.

"ಅವ್ಳು ಓದಿದೋಳು ಸಾರ್, ಅವ್ಳೇ ಹೇಳ್ತಾಳೆ."

"ಬರೀ ಸುಣ್ಣದ ಪುಡಿ, ಸರ್" ಅಂದೆ ನಾನು.

ಅವರು ನರಕ್ಕೆ ಮಾತ್ರೆ ಬರೆದರು. ಇನ್ನು ನೀನು ಕುಂಚ ಹಿಡಿಯುವುದಿಲ್ಲ, ಇನ್ನೇನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ತೀರ್ಥಹಳ್ಳಿಗೆ ಕೆಲಸಕ್ಕೆ ಬಂದೆ. ಮೂರು ವರ್ಷವಾಯಿತು.

ಇವತ್ತು ಮಧ್ಯಾಹ್ನ ನಿನ್ನ ಫೋನು. "ಎಡಗೈಲೂ ಎಳೆ ಬರ್ತದೆ ಕಣೆ. ಎರಡು ತಿಂಗಳಿಂದ ಮತ್ತೆ ಕೆಲ್ಸಕ್ಕೆ ಕೂತಿದೀನಿ. ಈಗೀಗ ಅದೂ ಒಂಚೂರು ನಡುಗ್ತದೆ. ಆ ಡಬ್ಬೀಲಿದ್ದ ಪುಡಿ ಮುಗೀತಾ ಬಂತು, ಬರ್ತಾ ತಗೊಂಬಾ."

ಕುಂಚ ಕೆಳಗಿಡು, ಬಾಯಿ ತೊಳ್ಕೋ ಅಂದೆ. ಎಂತಕ್ಕೆ ಅಂತ ನೀನು ಕೇಳಿದೆ. ನಾಳೆ ಬಂದು ಹೇಳ್ತೀನಿ ಅಂದೆ—ಫೋನಿನಲ್ಲೂ ನನ್ನಿಂದ ಆಗಲಿಲ್ಲ.

ಮೊದಲ ಬಸ್ಸಿಗೆ ಬರುತ್ತೇನೆ. ಅದೇ ಡಾಕ್ಟರ ಹತ್ತಿರ ಹೋಗೋಣ. ಆ ಪುಡಿಯ ಹೆಸರು ಅವರಿಗೆ ಹೇಳುತ್ತೇನೆ, ಅದು ನನಗೆ ಎಂದಿನಿಂದ ಗೊತ್ತಿತ್ತು ಎಂಬುದನ್ನೂ—ನೀನು ಪಕ್ಕದಲ್ಲೇ ಕೂತು ಕೇಳುತ್ತಿರುವಾಗ.