ಉಬ್ರಾಣಿ ಬಸ್ಸು ಹೊನ್ನಾಳಿ ಸಾಲಿಗೆ ಬಂದದ್ದು

ದೆವ್ವ, ಗಾಳಿ, ಪವಾಡ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮೈಮುರಿದು ದುಡಿಯಲಾರದವರಿಗೆ ಇಂಥವೆಲ್ಲ ಕಾಣಿಸುತ್ತವೆ ಎಂದು ಎಷ್ಟೋ ಜನರ ಮುಖಕ್ಕೆ ಹೊಡೆದಂತೆ ಹೇಳಿದ್ದೇನೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ನಡೆದದ್ದು ರಾತ್ರಿ ಹೊತ್ತಲ್ಲ, ಭಾನುವಾರದ ಸುಡುಬಿಸಿಲಿನ ಮಧ್ಯಾಹ್ನ.

ನಾನು ಓದಿದ್ದು ಎಂಟನೆಯ ತರಗತಿಯವರೆಗೆ. ಬಸ್ಸು ತೊಳೆದೆ, ಕ್ಲೀನರ್ ಆದೆ, ಆಮೇಲೆ ಹೊನ್ನಾಳಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಂ ಕೀಪರ್ ಗಫಾರ್ ಸಾಬರ ಕೈಕೆಳಗೆ ಒಂಬತ್ತು ವರ್ಷ ಏಜೆಂಟನಾಗಿದ್ದೆ. ಯಾವ ಬಸ್ಸು ಎಷ್ಟು ಗಂಟೆಗೆ ಬಿಡಬೇಕು ಎಂದು ಬರೆದ ಟೈಮಿಂಗ್ ಪುಸ್ತಕ ಸಾಬರ ಕಂಕುಳಲ್ಲಿರುತ್ತಿತ್ತು. ಖಾಸಗಿ ಬಸ್ಸಿನವರಿಗೆ ಎರಡು ನಿಮಿಷ ಎಂದರೆ ಒಂದು ಬಸ್ಸು ಜನ. ಹಿಂದೊಮ್ಮೆ ಆ ಪುಸ್ತಕವನ್ನು ಎರಡು ಮಾಡಿ ಎರಡು ಕಡೆ ಇಟ್ಟಿದ್ದರಂತೆ. ಒಂದರಲ್ಲಿ ಏಳು ಹತ್ತು, ಇನ್ನೊಂದರಲ್ಲಿ ಏಳು ಹನ್ನೆರಡು ಎಂದಾಗಿ, ನಿಲ್ದಾಣದಲ್ಲೇ ಒಬ್ಬ ಡ್ರೈವರನ ತಲೆ ಒಡೆಯಿತು. ಅಲ್ಲಿಂದ ಸಾಬರದು ಒಂದೇ ಮಾತು. "ಪುಸ್ತಕ ಒಂದೇ ಇರ್ಬೇಕು ನೋಡು. ಎರಡು ಮಾಡಿದ್ರೆ ಎರಡು ಹೆಣ ಬೀಳ್ತವೆ."

ನಾನು ತಪ್ಪು ಮಾಡಿದಾಗ ಅವರು ಬೈಯುತ್ತಿರಲಿಲ್ಲ. ಎರಡೂ ಕೈ ಎತ್ತಿ ಎಂಟು ಬೆರಳು ತೋರಿಸುತ್ತಿದ್ದರು. ಎಂಟನೇ ಕ್ಲಾಸು ಎಂದು ಅರ್ಥ. ನಿಂತ ಬಸ್ಸುಗಳ ಡ್ರೈವರುಗಳೆಲ್ಲ ನಗುತ್ತಿದ್ದರು. ಆ ಎಂಟು ಬೆರಳಿನ ಉರಿಗೇ ನಾನು ಆ ಕೆಲಸ ಬಿಟ್ಟು ನ್ಯಾಮತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದೆ. ಬೆಳಗಿನ ನಾಲ್ಕಕ್ಕೆ ಎದ್ದು, ಫೋನಿನಲ್ಲಿ ವಿಡಿಯೋ ನೋಡಿ, ಅರ್ಥವಾಗದ್ದನ್ನು ಹತ್ತು ಸಲ ನೋಡಿ, ಪ್ರೋಗ್ರಾಂ ಬರೆಯಲು ಕಲಿತೆ. ಯಾರೂ ಕಲಿಸಿಕೊಡಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ಕಡೆಯ ಬಸ್ ಮಾಲೀಕರಿಗೆ ಒಂದು ಆ್ಯಪ್ ಬೇಕಾಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಖಾಸಗಿ ಬಸ್ಸುಗಳ ಟೈಮಿಂಗ್ ಅದರಲ್ಲಿರಬೇಕು. ಒಂದು ಬಸ್ಸು ತಡವಾದರೆ ಹಿಂದಿನದು ಎಲ್ಲಿ ಕಾಯಬೇಕು ಎಂದು ಅದೇ ಹೇಳಬೇಕು. ಕೆಲಸ ನಾನೇ ಹಿಡಿದೆ. ಸಾಬರ ಮಾತು ರಕ್ತದಲ್ಲಿ ಇಳಿದಿತ್ತಲ್ಲ, ಎಲ್ಲ ಬಸ್ಸು, ಎಲ್ಲ ಊರು, ಎಲ್ಲ ಲೆಕ್ಕಾಚಾರವನ್ನು ಒಂದೇ ಮುದ್ದೆಯಾಗಿ ಬರೆಯುತ್ತಾ ಹೋದೆ.

ಓದುವವರಲ್ಲಿ ಈ ಕೆಲಸ ಗೊತ್ತಿಲ್ಲದವರೂ ಇರಬಹುದು. ಪ್ರೋಗ್ರಾಂ ಬರೆಯಲೂ ಒಂದು ಸಾಫ್ಟ್‌ವೇರ್ ಬೇಕು. ನೀವು ಬರೆದದ್ದನ್ನೆಲ್ಲ ಅದು ಕಂಪ್ಯೂಟರಿನ ಮೆಮೊರಿಯಲ್ಲಿ ಹರಡಿಕೊಂಡು, ಯಾವುದು ಯಾವುದಕ್ಕೆ ತಾಗುತ್ತದೆ ಎಂದು ನೋಡುತ್ತಾ ಕೂರುತ್ತದೆ. ಇಷ್ಟೇ ಮೆಮೊರಿ ಬಳಸು ಎಂಬ ಮಿತಿಯೂ ಅದಕ್ಕಿರುತ್ತದೆ. ನನ್ನ ಮುದ್ದೆ ಆ ಮಿತಿ ದಾಟಿತು. ಮೆಮೊರಿ ಸಾಲದು ಎಂದು ತೋರಿಸಿ ಸಾಫ್ಟ್‌ವೇರು ತಾನೇ ಮುಚ್ಚಿಕೊಳ್ಳತೊಡಗಿತು. ಮಿತಿಯನ್ನು ಏರಿಸಿದೆ. ಆಗ ಇಡೀ ಲ್ಯಾಪ್‌ಟಾಪೇ ಗರಬಡಿದಂತೆ ನಿಂತಿತು. ಇನ್ನೊಂದು ರ‍್ಯಾಮ್ ತಂದು ಹಾಕಿ ಮೆಮೊರಿ ಹೆಚ್ಚಿಸಿದೆ, ಬೇರೆಲ್ಲ ಪ್ರೋಗ್ರಾಂ ಮುಚ್ಚಿಟ್ಟೆ. ಒಂದು ವಾರ ನಡೆಯಿತು, ಮತ್ತೆ ಅದೇ ಕಥೆ. ಕೊನೆಗೆ ಸಾಬರ ಮಾತು ಮುರಿದು ತಾಲ್ಲೂಕಿಗೊಂದರಂತೆ ನಾಲ್ಕು ಭಾಗ ಮಾಡಲೂ ನೋಡಿದೆ. ಬಸ್ಸಿಗೆ ತಾಲ್ಲೂಕಿನ ಗಡಿ ಗೊತ್ತೇ? ಚನ್ನಗಿರಿ ಬಸ್ಸು ಹೊನ್ನಾಳಿಗೆ ಹೋಗುತ್ತದೆ, ಹೊನ್ನಾಳಿಯದು ನ್ಯಾಮತಿಗೆ. ಒಂದು ಭಾಗ ತೆರೆದರೆ ಅದು ಉಳಿದ ಮೂರನ್ನೂ ಎಳೆದುಕೊಂಡು ಬರುತ್ತಿತ್ತು. ಮತ್ತೆ ಎಲ್ಲ ಸೇರಿಸಿ ಮೊದಲಿನಂತೆ ಮಾಡಿದೆ.

ಮಾಲೀಕರ ಸಂಘದ ಅಧ್ಯಕ್ಷ ರುದ್ರಪ್ಪನವರ ಅಳಿಯ ಇಂಜಿನಿಯರ್. ಈ ಕೆಲಸದ ಮೇಲೆ ಅವನಿಗೂ ಕಣ್ಣಿತ್ತು. ಒಂದು ಶನಿವಾರ ಮಾವನ ಜೊತೆ ಅಂಗಡಿಗೆ ಬಂದು, ನನ್ನ ಕುರ್ಚಿಯಲ್ಲೇ ಕೂತು, ನಿಂತುಹೋದ ಪರದೆ ನೋಡಿದ.

"ಪಾರ್ಟ್ ಪಾರ್ಟ್ ಮಾಡ್ಬೇಕು ಅನ್ನೋದೂ ಗೊತ್ತಿಲ್ವಾ ಅಂಕಲ್? ಇದು ಬಸ್ ತೊಳೆದಂಗಲ್ಲ."

"ಬಸ್ ತೊಳೆಯಾಕೂ ಬರಬೇಕಪ್ಪ. ನಿನಗೆ ಅದೂ ಬರಲ್ಲ," ಎಂದೆ.

ರುದ್ರಪ್ಪ ನಗಲಿಲ್ಲ. "ಸೋಮವಾರ ಹತ್ತು ಗಂಟೆಗೆ ಮಾಲೀಕರೆಲ್ಲ ಹೊನ್ನಾಳಿಗೆ ಬರ್ತಾರೆ. ಓಡಿಸಿ ತೋರ್ಸು. ಆಗ್ಲಿಲ್ಲ ಅಂದ್ರೆ ಇವನಿಗೆ ಬಿಟ್ಟುಕೊಡು, ಸುಮ್ನೆ ಹಟ ಮಾಡಬ್ಯಾಡ."

ಒಂದೂವರೆ ವರ್ಷದ ದುಡಿಮೆ ಆ ಹುಡುಗನ ಕೈಗೆ ಹೋಗುವುದರಲ್ಲಿತ್ತು. ಶನಿವಾರ ರಾತ್ರಿ ಎಲ್ಲವನ್ನೂ ಪೆನ್ ಡ್ರೈವಿಗೆ ಒಂದು ಪ್ರತಿ ಮಾಡಿಟ್ಟೆ. ಭಾನುವಾರ ಬೆಳಗಿನಿಂದ ಮೂರು ಸಲ ಯತ್ನಿಸಿದೆ, ಮೂರು ಸಲವೂ ಲ್ಯಾಪ್‌ಟಾಪು ಸತ್ತಂತೆ ನಿಂತಿತು. ಒಂದು ಗಂಟೆಯ ಹೊತ್ತಿಗೆ ಸಿಟ್ಟು ನೆತ್ತಿಗೇರಿ ಪ್ಲಗ್ಗನ್ನು ಕಿತ್ತು ನೆಲಕ್ಕೆ ಎಸೆದೆ. ಅದರ ಬ್ಯಾಟರಿ ಹೋಗಿ ವರ್ಷವಾಗಿತ್ತು, ಪ್ಲಗ್ ಕಿತ್ತ ಕ್ಷಣವೇ ಆರಿತು. ಶಟರ್ ಎಳೆದು ಬೀಗ ಹಾಕಿ, ಇರುವ ಒಂದೇ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬೈಕ್ ಹತ್ತಿ ಸೂರಗೊಂಡನಕೊಪ್ಪದ ಕಡೆ ಹೋದೆ. ರಸ್ತೆ ಬದಿಯ ಮರದ ಕೆಳಗೆ ಸುಮ್ಮನೆ ಕೂತಿದ್ದೆ.

ಐದು ಗಂಟೆಗೆ ಬಂದಾಗ ಬೀಗ ಹಾಕಿದಂತೆಯೇ ಇತ್ತು. ಪ್ಲಗ್ ಎಸೆದಲ್ಲೇ ಬಿದ್ದಿತ್ತು. ಸಿಕ್ಕಿಸಿ ಲ್ಯಾಪ್‌ಟಾಪ್ ಹಚ್ಚಿದೆ.

ನನ್ನ ಒಂದು ಮುದ್ದೆ ನಾಲ್ಕು ಭಾಗವಾಗಿತ್ತು.

ಒಂದೊಂದೇ ತೆರೆದೆ. ತಟ್ಟನೆ ತೆರೆದುಕೊಂಡವು. ಒಂದಕ್ಕೆ ಇನ್ನೊಂದರ ಹಂಗಿರಲಿಲ್ಲ. ಬರೆದ ಸಾಲುಗಳೆಲ್ಲ ನನ್ನವೇ, ಕತ್ತರಿಸಿದ ಜಾಗ ಮಾತ್ರ ನನ್ನದಲ್ಲ. ತಾಲ್ಲೂಕಿನಂತೆ ಕತ್ತರಿಸಿರಲಿಲ್ಲ, ಜಗಳದಂತೆ ಕತ್ತರಿಸಿತ್ತು. ಯಾವ ಬಸ್ಸು ಯಾವ ಬಸ್ಸಿನ ಜನರನ್ನು ಕಿತ್ತುಕೊಳ್ಳುತ್ತದೋ ಅವೆರಡೂ ಒಂದೇ ಭಾಗದಲ್ಲಿದ್ದವು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಬಸ್ಸು ಹೊನ್ನಾಳಿ ಬಸ್ಸುಗಳ ಸಾಲಿನಲ್ಲಿತ್ತು. ತಪ್ಪು ಎಂದುಕೊಂಡೆ. ಆಮೇಲೆ ಹೊಳೆಯಿತು. ಆ ಬಸ್ಸು ಚನ್ನಗಿರಿ ದಾಟಿ ಬಸವಾಪಟ್ಟಣಕ್ಕೆ ಬಂದು, ಅಲ್ಲಿ ಹೊನ್ನಾಳಿ ಬಸ್ಸಿನ ಮುಂದೆ ಮೂತಿ ತೂರಿಸುತ್ತದೆ. ಇದು ನಿಲ್ದಾಣದಲ್ಲಿ ನಿಂತು ಬೈಗುಳ ಕೇಳಿದವನಿಗೆ ಮಾತ್ರ ಗೊತ್ತಿರುವ ವಿಷಯ. ಕೊನೆಯದಾಗಿ ಸೇವ್ ಆದ ಹೊತ್ತು ನೋಡಿದೆ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.

ನನಗೆ ಸಂತೋಷವಾಗಲಿಲ್ಲ, ಮೈ ಉರಿಯಿತು. ನನ್ನ ಕೆಲಸಕ್ಕೆ ಕೈ ಹಾಕಿದವನು ಯಾರು? ಪೆನ್ ಡ್ರೈವಿನ ಪ್ರತಿ ನೋಡಿದೆ, ಅದು ಹಾಗೇ ಒಂದೇ ಮುದ್ದೆಯಾಗಿತ್ತು. ದಣಿವಿನಲ್ಲಿ ನೀನೇ ಮಾಡಿ ಮರೆತಿರಬೇಕು ಎನ್ನುತ್ತೀರಿ. ಮೂರು ಗಂಟೆಗೆ ನಾನು ಮರದ ಕೆಳಗಿದ್ದೆ, ಲ್ಯಾಪ್‌ಟಾಪಿಗೆ ಕರೆಂಟೇ ಇರಲಿಲ್ಲ. ಗಡಿಯಾರ ತಪ್ಪಿರಬೇಕು ಎನ್ನುತ್ತೀರಿ. ನನ್ನ ಕೈಗಡಿಯಾರ ಪಕ್ಕದಲ್ಲಿಟ್ಟು ನೋಡಿದ್ದೇನೆ.

ಸೋಮವಾರ ಮಾಲೀಕರ ಮುಂದೆ ಆ್ಯಪ್ ಓಡಿತು. ನಾನು ತೆರೆದಿಟ್ಟ ಕೋಡನ್ನು ಅಳಿಯ ಬಗ್ಗಿ, ನಾಲ್ಕೂ ಭಾಗ ಮೇಲಿಂದ ಕೆಳಗೆ ನೋಡಿದ. ಕೊನೆಗೆ, "ಇದನ್ನ ಯಾರ ಕೈಲಿ ಮಾಡಿಸಿದ್ರಿ?" ಎಂದು ಕೇಳಿದ.

"ನಾನೇ ಮಾಡಿದ್ದು," ಎಂದೆ. ಅಷ್ಟು ಜನರ ಮುಂದೆ ನಾನು ಹೇಳಿದ ಒಂದೇ ಸುಳ್ಳು ಅದು.

ಉಬ್ರಾಣಿ ಬಸ್ಸು ಮನಸ್ಸು ಬಿಡಲಿಲ್ಲ. ನನ್ನನ್ನು ಬಿಟ್ಟರೆ ಅದನ್ನು ಆ ಸಾಲಿನಲ್ಲಿಡಬಲ್ಲವರು ಲೋಕದಲ್ಲಿ ಒಬ್ಬರೇ. ಗಫಾರ್ ಸಾಬರು ಅದಕ್ಕೂ ಎರಡು ವರ್ಷ ಮೊದಲೇ ಲಕ್ವ ಹೊಡೆದು, ಬಲಗೈ ಬಿದ್ದು, ಮಾತು ನಿಂತು, ಜಗಳೂರಿನ ಮಗಳ ಮನೆಯಲ್ಲಿದ್ದರು. ಅಲ್ಲಿಯವರೆಗೆ ನಾನು ಒಮ್ಮೆಯೂ ನೋಡಲು ಹೋಗಿರಲಿಲ್ಲ. ಆ ವಾರದ ಕೊನೆಗೆ ಹೋದೆ.

ಮಗಳು ನಸೀಮಾ ಚಹಾ ಕೊಡುತ್ತಾ, "ಭಾಳ ದಿನ ಆದ್ಮೇಲೆ ನೆನಪಾತಾ ಅಣ್ಣ?" ಎಂದು ಚುಚ್ಚಿದಳು. ಆಮೇಲೆ ತಾನಾಗಿಯೇ ಹೇಳಿದಳು. "ಅಬ್ಬಾಗೆ ಏನಾಗೈತೋ ಗೊತ್ತಿಲ್ಲ. ಹೋದ ಭಾನುವಾರ ಪೆನ್ಸಿಲ್ ಬೇಕು ಅಂತ ಸನ್ನೆ ಮಾಡಿದ್ರು. ಇಷ್ಟು ದಿನ ಒಂದು ಅಕ್ಷರ ಬರೆದವರಲ್ಲ. ಎಡಗೈಲಿ ಗೀಚ್ತಾ ಕೂತ್ರು."

"ಎಷ್ಟೊತ್ತಿಗೆ?"

"ನಮ್ಮ ಬೀದಿ ಮುಂದೆ ಮೂರು ಗಂಟೆ ಬಸ್ಸು ಆಗಷ್ಟೆ ಹೋಗಿತ್ತು."

ಹಳೆಯ ಕ್ಯಾಲೆಂಡರಿನ ಹಾಳೆ ತಂದುಕೊಟ್ಟಳು. ಹಿಂಬದಿಯಲ್ಲಿ ಸೊಟ್ಟಸೊಟ್ಟ ಗೆರೆ ಎಳೆದ ನಾಲ್ಕು ಸಾಲು, ಸಾಲಿನ ತುಂಬ ಊರುಗಳ ಹೆಸರು. ಉಬ್ರಾಣಿ ಎಲ್ಲಿದೆ ಎಂದು ಹುಡುಕಿದೆ. ಹೊನ್ನಾಳಿ ಸಾಲಿನಲ್ಲಿತ್ತು.

ಸಾಬರು ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಎಡಗೈ ಮೆಲ್ಲಗೆ ಎತ್ತಿದರು. ಐದು ಬೆರಳು ತೋರಿಸಿದರು. ಕೈ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಮೂರು ಬೆರಳು ತೋರಿಸಿದರು.

ತಪ್ಪು ಮಾಡಿದಾಗ ಮಾತ್ರ ಅವರು ಎಂಟು ತೋರಿಸುತ್ತಿದ್ದುದು. ಪುಸ್ತಕ ಒಂದೇ ಇರಬೇಕು ಎಂಬ ಅವರ ಮಾತನ್ನು ನಂಬಿದ್ದು ನನ್ನ ತಪ್ಪೋ, ನಾನೇ ಮಾಡಿದ್ದು ಎಂದು ಹೇಳಿದ್ದೋ, ಗೊತ್ತಿಲ್ಲ. ನಾನು ಕೇಳಲಿಲ್ಲ. ಕೃತಜ್ಞತೆಯನ್ನೂ ಹೇಳಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಕಂಪ್ಯೂಟರ್ ಮುಟ್ಟಿರದ, ನನ್ನ ಅಂಗಡಿಯನ್ನೇ ನೋಡಿರದ ಮುದುಕ ಅಷ್ಟು ದೂರದಲ್ಲಿ ಗೀಚಿದ್ದು ಇಲ್ಲಿ ಹೇಗೆ ಬಂತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದ್ದವರಂತೆ ಮಾತಾಡುವವರು ನನ್ನ ಅಂಗಡಿಗೆ ಬರುವುದು ಬೇಡ.

ಈಗಲೂ ಹೊಸ ಬಸ್ಸು ಸೇರಿಸುವಾಗ ಯಾವ ಭಾಗಕ್ಕೆ ಹಾಕಬೇಕೆಂದು ಕೆಲವು ಸಲ ಹೊಳೆಯುವುದಿಲ್ಲ. ಆಗ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ, ಎದ್ದರೆ ಮತ್ತೆ ಸಾಬರೇ ಹಾಕಿಬಿಟ್ಟಾರು. ಎಷ್ಟು ಹೊತ್ತಾದರೂ ಸರಿ, ಅನ್ನ ತಣ್ಣಗಾದರೂ ಸರಿ, ನಾನೇ ಹಾಕುವವರೆಗೆ ಪ್ಲಗ್ಗಿನ ಮೇಲೆ ಕಣ್ಣಿಟ್ಟು ಕೂತಿರುತ್ತೇನೆ.