ನಮ್ಮ ಎರಡನೇ ಆಲ್ಬಮ್ಮನ್ನು ಅಪ್ಪ ಕೇಳಿದ್ದು

ನಮ್ಮ ಮೂವರು ಗೆಳೆಯರ ಎಲೆಕ್ಟ್ರಾನಿಕ್ ಸಂಗೀತದ ಗುಂಪು ಎರಡನೇ ಆಲ್ಬಮ್ ತಂದಾಗ ಜನಕ್ಕೆ ಹಿಡಿಸಿತೋ ಇಲ್ಲವೋ ಎಂದು ಕೇಳಿದರೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ಮೊದಲನೆಯದು ಕುಣಿಯುವಂಥದ್ದು, ಕುರುಗೋಡಿನ ಮದುವೆ ಮೆರವಣಿಗೆಗಳಲ್ಲೂ ಹಾಕಿದ್ದರು. ಎರಡನೆಯದಕ್ಕೆ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಸದ್ದುಗಳನ್ನಷ್ಟೇ ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿದ್ದೆವು. ಅಪ್ಪ ಮೂವತ್ತು ವರ್ಷದಿಂದ ಆ ಗಿರಣಿಯ ಯಂತ್ರಗಳನ್ನು ನೋಡಿಕೊಳ್ಳುವ ಫಿಟ್ಟರ್. ನನ್ನ ಒಂದು ಹಾಡನ್ನೂ ಪೂರ್ತಿ ಕೇಳಿದ ಮನುಷ್ಯನಲ್ಲ. ಸುಳ್ಳೇಕೆ ಹೇಳಲಿ, ಇದನ್ನಾದರೂ ಕೇಳಲಿ ಎಂಬ ಹಟಕ್ಕೇ ನಾನು ಗಿರಣಿ ಹೊಕ್ಕಿದ್ದು.

ಬಿಡುಗಡೆ ಬಳ್ಳಾರಿಯ ಒಂದು ಸಣ್ಣ ಹಾಲ್‌ನಲ್ಲಿ. ಇಪ್ಪತ್ತು ನಿಮಿಷ ಗಿರಣಿ ಗುಂಯ್‌ಗುಟ್ಟಿದ ಮೇಲೆ ಮುಂದೆ ಕೂತಿದ್ದವನೊಬ್ಬ, "ಟೆಸ್ಟಿಂಗ್ ಆತಂದ್ರ ಹಾಡು ಶುರು ಮಾಡ್ರಣ್ಣಾ," ಎಂದ. ಅದೇ ಸಂಜೆ ಇಂಟರ್ನೆಟ್ಟಿನಲ್ಲಿ ಗುರುತಿಲ್ಲದ ಯಾರೋ ಇದು ಧ್ಯಾನವೆಂದು ಬರೆದರು. ಯಾರನ್ನು ನಂಬುವುದು? ನನ್ನ ತಲೆ ಕೆಟ್ಟುಹೋಗಿತ್ತು.

ಮರುದಿನ ಬೆಳಿಗ್ಗೆ ಸಿರುಗುಪ್ಪದ ಮನೆಯಲ್ಲಿ ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ಫೋನನ್ನು ಕೈಗೆ ಕೊಟ್ಟೆ. ಚಹಾ ಆರಿತು, ಅಪ್ಪ ಏಳಲಿಲ್ಲ. ಮೂರನೇ ಹಾಡಿಗೆ ಕಣ್ಣು ಮುಚ್ಚಿದ.

"ಇನ್ನೊಮ್ಮಿ ಹಾಕು ಇದನ್ನ."

ಹಾಕಿದೆ. ಮತ್ತೊಮ್ಮೆ ಹಾಕಿಸಿದ. ನಾನು ಒಳಗೊಳಗೇ ಹಿಗ್ಗಿ ಹೋದೆ.

"ಬೇರಿಂಗ್ ಹೋಗೈತಿ," ಎಂದ ಅಪ್ಪ. "ಕರ್ ಕರ್ ಅನ್ನಾಕತ್ತೈತಿ, ಕೇಳಂಗಿಲ್ಲೇನು ನಿನಗ?"

ನಾವು ಮೂವರೂ ಮೆಚ್ಚಿ ಉಳಿಸಿಕೊಂಡಿದ್ದ ತಾಳವೇ ಅದು. ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

"ಯಾವಾಗಿಂದಿದು?" ಎಂದು ಕೇಳಿದ ಅಪ್ಪ.

"ದೀಪಾವಳಿಗೆ ಮುಂಚಿ," ಎಂದೆ. "ನನ್ನ ಬಾಜೂಕ ನೀನೂ ನಿಂತಿದ್ದೆಲ್ಲಪ್ಪ."

ಅಪ್ಪ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೋದ ತಿಂಗಳು, ದೀಪಾವಳಿ ಕಳೆದ ಮೇಲೆ, ಅದೇ ಬೇರಿಂಗ್ ಒಡೆದು ಗಿರಣಿ ಎರಡು ದಿನ ನಿಂತಿತ್ತು. ಸದ್ದೇ ಮಾಡದೆ ಹೋಯಿತು ಎಂದು ಮಾಲೀಕರ ಮುಂದೆ ಆಣೆ ಮಾಡಿ ಬಂದಿದ್ದ. ಸುಳ್ಳು ಹೇಳುವವನಲ್ಲ ಅಪ್ಪ. ಅವನ ಕೈಯಲ್ಲಿದ್ದ ಫೋನ್ ನೋಡಿದೆ. ವಾಲ್ಯೂಮನ್ನು ತುದಿ ಮುಟ್ಟಿಸಿದ್ದ. ಅಪ್ಪನ ಕಿವಿ ಮಂದವಾಗಿದೆಯೆಂದು ಆವರೆಗೆ ನಮಗಾರಿಗೂ ಗೊತ್ತಿರಲಿಲ್ಲ, ಅವನಿಗೂ.

"ಹಾಡು ಚಲೋ ಅದಾವು," ಎಂದ ಅಪ್ಪ. "ನಿಮ್ಮವ್ವಗ ಮಾತ್ರ ಕೇಳಿಸಬ್ಯಾಡ, ಆಕಿ ಕಿವಿ ಭಾಳ ಚುರುಕು."