ಬೆಲ್ಟಿನ ಹಿಂದಿನ ಕೈ

ಸ್ಪ್ರೇ ಹೊಡೆಯುವವರು ದೂರ ನಿಂತು ಬಣ್ಣ ಹೊಡೆದು ಹೋಗುತ್ತಾರೆ. ಬ್ರಷ್ ಹಿಡಿದವರ ಹಣೆಬರಹ ಹಾಗಲ್ಲ. ಯಂತ್ರದ ಹೊಟ್ಟೆಯೊಳಗೆ ಕೈ ಹಾಕಲೇಬೇಕು. ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಸಣ್ಣ ವರ್ಕ್‌ಶಾಪುಗಳಲ್ಲಿ ಯಂತ್ರಗಳು ಒತ್ತೊತ್ತಾಗಿ ನಿಂತಿರುತ್ತವೆ. ಸ್ಪ್ರೇ ಹೊಡೆದರೆ ಪಕ್ಕದ ಯಂತ್ರಕ್ಕೂ ಬಣ್ಣ, ಕೆಲಸಗಾರರ ಊಟದ ಡಬ್ಬಿಗೂ ಬಣ್ಣ. ಅದಕ್ಕೇ ನಮ್ಮನ್ನು ಕರೆಯುತ್ತಾರೆ. ಅಗಲವಾದ ಮೈಗೆಲ್ಲ ನನ್ನ ಗಂಡ, ಸಂದಿಗೊಂದಿಗೆಲ್ಲ ನಾನು. ನನ್ನ ಕೈ ಸಣ್ಣದು ಅಂತ ಅವರ ವಾದ. ಅವರ ಧೈರ್ಯ ಸಣ್ಣದು ಅಂತ ನನ್ನದು.

ಒಂದು ಕಟ್ಟುನಿಟ್ಟಿನ ನಿಯಮ ಮಾತ್ರ ಇಟ್ಟುಕೊಂಡಿದ್ದೆವು. ಕೆಲಸ ಶುರು ಮಾಡುವ ಮುಂಚೆ ಗೋಡೆಯ ಬೋರ್ಡಿನಿಂದ ಯಂತ್ರದ ಫ್ಯೂಸ್ ಕಿತ್ತು, ಯಾರ ಕೈ ಒಳಗಿರುತ್ತದೋ ಅವರ ಹತ್ತಿರವೇ ಇಡಬೇಕು. ಹಾಗಾಗಿ ಅದು ನನ್ನ ಸೊಂಟದ ಎಲೆ-ಅಡಿಕೆ ಸಂಚಿಯಲ್ಲಿರುತ್ತಿತ್ತು.

ಆ ಶ್ರಾವಣದಲ್ಲಿ ಒಂದು ಕಡೆ ತಗಡು ಕತ್ತರಿಸುವ ಯಂತ್ರಕ್ಕೆ ಬಣ್ಣ ಬಳಿಯುತ್ತಿದ್ದೆವು. ಹಿಂದಿನ ದಿನವಷ್ಟೇ ಹೊಸ ಹಸಿರು ಬಳೆ ಇಡಿಸಿಕೊಂಡಿದ್ದೆ. ದಿನಾ ಬಳೆಗಳನ್ನು ಮೇಲೆ ಸರಿಸಿ ಬಟ್ಟೆ ಸುತ್ತುತ್ತಿದ್ದೆ. ಅವತ್ತು ಬಿಗಿಯಾಗಿವೆಯಲ್ಲ ಎಂದು ಬಿಟ್ಟೆ. ಬೆಲ್ಟಿನ ಹಿಂದೆ ಮೊಣಕೈವರೆಗೆ ಕೈ ಇಳಿಸಿ, ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ, ಕಾಣದ ಮೂಲೆಯಲ್ಲಿ ಬ್ರಷ್ ಆಡಿಸುತ್ತಿದ್ದೆ. ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಕೂಗಾಡತೊಡಗಿದ. ಸುತ್ತಲಿನ ಯಂತ್ರಗಳ ಗದ್ದಲದಲ್ಲಿ ನನಗೆ ಸ್ಪಷ್ಟವಾಗಿ ಕೇಳಿದ್ದು ಗಂಡ ಮರಾಠಿಯಲ್ಲಿ ಹೂಂಗುಟ್ಟಿದ "ಹೋ ಸಾಹೇಬ, ಹೋ" ಮಾತ್ರ. ಸಾಹೇಬ ಎನ್ನುವಾಗ ಅವರ ಬೆನ್ನು ತಾನೇ ಬಾಗುತ್ತದೆ.

ನನ್ನ ಸೊಂಟದ ಸಂಚಿಗೆ ಅವರ ಕೈ ಬಂತು. ಬಯ್ಗುಳ ತಿನ್ನುವಾಗಲೂ ಈ ಮನುಷ್ಯನಿಗೆ ಎಲೆ ಬೇಕು ಎಂದುಕೊಂಡು ಸುಮ್ಮನಾದೆ.

ಯಂತ್ರದ ಸಂದಿಯಿಂದ ನೋಡಿದರೆ, ಸೂಪರ್‌ವೈಸರ್ ಗೋಡೆಯ ಬೋರ್ಡಿನತ್ತ ಹೊರಟಿದ್ದ. ಅವನ ಕೈಯಲ್ಲಿ ನನ್ನ ಸಂಚಿಯಲ್ಲಿದ್ದ ಬಿಳಿ ಫ್ಯೂಸ್. ಅವನಿಗೆ ಯಂತ್ರ ಚಾಲೂ ಆಗಬೇಕಿತ್ತು. ನಾನು ಕೈ ಎಳೆದೆ. ಬರಲಿಲ್ಲ. ಬಳೆಗಳು ಒಳಗಿನ ಬೋಲ್ಟಿಗೆ ಸಿಕ್ಕಿಕೊಂಡಿದ್ದವು.

"ರೀ! ನನ್ನ ಕೈ ಒಳಗ ಅದ ರೀ!"

ಗಂಡನ ಮುಖ ಬಿಳಿಚಿಕೊಂಡಿತು. "ನೀ ಕೈ ತಗದೀ ಅಂತ ತಿಳದೆ..."

"ಅದೇನ್ ಹೇಳ್ತೀರಿ, ಓಡ್ರಿ! ಅವನ್ನ ಹಿಡೀರಿ!"

ಓಡಿದರು. ತಗಡಿನ ರಾಶಿ ಸುತ್ತಿಕೊಂಡು ಹೋಗಬೇಕಿತ್ತು. "ಥಾಂಬಾ ಸಾಹೇಬ, ಥಾಂಬಾ!" ಎಂದು ಅವನನ್ನು ನಿಲ್ಲಿಸಲು ಅರಚಿದ್ದು ಗದ್ದಲದಲ್ಲಿ ಮುಳುಗಿತು. ಸೂಪರ್‌ವೈಸರ್ ತಿರುಗಿಯೂ ನೋಡದೆ ಬೋರ್ಡಿನ ಬಾಗಿಲು ತೆರೆದ.

ಬಳೆ ಒಡೆಯದೆ ಬೇರೆ ದಾರಿಯಿರಲಿಲ್ಲ. ಆದರೂ ಒಂದು ಗಳಿಗೆ ಮನಸ್ಸು ಬರಲಿಲ್ಲ. ಶ್ರಾವಣ ಮಾಸ, ಮುತ್ತೈದೆಯ ಹಸಿರು ಬಳೆ, ಕಟ್ಟಿಕೊಂಡ ಗಂಡ ಕಣ್ಣೆದುರೇ ಓಡುತ್ತಿದ್ದಾರೆ. ನನ್ನ ಕೈ ಹೋಗುವ ಹೊತ್ತಿನಲ್ಲಿ ನನಗೆ ಅವರ ಆಯುಷ್ಯದ ಚಿಂತೆ! ಆಮೇಲೆ ಸಿಟ್ಟು ಬಂತು. ನೆತ್ತಿಗೇರುವ ಸಿಟ್ಟು. ಮುಂಗೈಯನ್ನು ಕಬ್ಬಿಣಕ್ಕೆ ಅಪ್ಪಳಿಸಿದೆ. ಮತ್ತೆ ಅಪ್ಪಳಿಸಿದೆ. ಜೀವ ಬಿಗಿಹಿಡಿದು ಎಳೆದಾಗ ಕೈ ಕಿತ್ತುಕೊಂಡು ಬಂತು, ನಾನು ಹಿಂದಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ಬೆಲ್ಟು ತಿರುಗುವುದನ್ನು ನೋಡಿದೆ. ಒಳಗೇ ಉಳಿದಿದ್ದ ಬ್ರಷ್ ಎರಡು ತುಂಡಾಗಿ ಹೊರಗೆ ಸಿಡಿಯಿತು.

ಮನೆಗೆ ಬರುವಾಗ ಗಂಡ ಹಿಂದೆ ಹಿಂದೆಯೇ ಬರುತ್ತಿದ್ದರು. ಅವರ ಜೊತೆ ಹೆಜ್ಜೆ ಹಾಕಲೂ ಮನಸ್ಸಿಲ್ಲದೆ ನಾನು ದಡದಡ ಮುಂದೆ ನಡೆದೆ. ಅವರು ಇನ್ನೂ ಗಲ್ಲಿಯ ತಿರುವಿನಲ್ಲೇ ಇದ್ದರು. ಬಾಗಿಲಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆಗೆ ಮೊದಲು ಕಂಡದ್ದು ನನ್ನ ಬೋಳು ಬಲಗೈ. ಎದೆ ಬಡಿದುಕೊಂಡು ಎದ್ದರು.

"ಅಯ್ಯ ಶಿವನ! ನನ್ನ ಮಗಗ ಏನಾತವ್ವ?"

ಗಾಜು ಗೀರಿ ಊದಿಕೊಂಡಿದ್ದ ಕೈಯನ್ನು ಅವರ ಮುಖದ ಮುಂದೆ ಹಿಡಿದೆ.

"ನಿಮ್ಮ ಮಗಗ ಏನೂ ಆಗಿಲ್ರಿ, ಅತ್ತಿ. ನನಗ ಏನಾತು ಅಂತ ಕೇಳ್ರಿ."